ಇಸವಿಯ ಕೆಳಗಿನ ಚುಕ್ಕೆ

ಹಬ್ಬದ ಹಿಂದಿನ ದಿನ ಚಾಮರಾಜನಗರ, ಗುಂಡ್ಲುಪೇಟೆ, ತೆರಕಣಾಂಬಿಯ ಹಳೆಯ ಮನೆಗಳಲ್ಲಿ ದೇವರ ಸಾಮಾನು ಬೆಳಗುವ ಕೆಲಸ ನಡೆಯುತ್ತದೆ. ದೀಪ, ಗಂಟೆ, ಹರಿವಾಣಗಳ ಜೊತೆಗೆ ಲಕ್ಷ್ಮೀಪೂಜೆಯ ತಟ್ಟೆಯಲ್ಲಿರುವ ಹಳೆಯ ಕಾಸುಗಳಿಗೂ ಹುಣಸೆಹಣ್ಣು, ಬೂದಿಯ ಉಪಚಾರ ಆಗುತ್ತದೆ. ಹೂವಿನ ಎಸಳಿನಂಥ ಅಂಚಿನ ಒಂದಾಣೆ, ಮೂಲೆ ತಿದ್ದಿದ ಚೌಕದ ಎರಡಾಣೆ, ಹುಲಿಯ ಚಿತ್ರವಿರುವ ರೂಪಾಯಿ, ಎಲ್ಲವೂ ಅರ್ಧ ಗಂಟೆಯಲ್ಲಿ ಫಳಫಳ ಹೊಳೆಯತೊಡಗುತ್ತವೆ. ಮನೆಯವರಿಗೆ ಸಮಾಧಾನ. ಆದರೆ ನಾಣ್ಯ ಸಂಗ್ರಾಹಕನೊಬ್ಬ ಅದನ್ನು ಕಂಡರೆ ತಲೆ ಚಚ್ಚಿಕೊಂಡಾನು. ಅವನ ಲೆಕ್ಕದಲ್ಲಿ ಆ ಅರ್ಧ ಗಂಟೆಯಲ್ಲಿ ತೊಳೆದುಹೋದದ್ದು ಕೊಳೆಯಷ್ಟೇ ಆಗಿರುವುದಿಲ್ಲ.

ನಾಣ್ಯ ಹಳೆಯದಾದಷ್ಟೂ ಬೆಲೆ ಏರುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ನಿಕ್ಕಲ್ ಕಾಸುಗಳ ಮಟ್ಟಿಗೆ ಈ ನಂಬಿಕೆ ನಿಲ್ಲುವುದಿಲ್ಲ. ಇದಕ್ಕೆ ಕಾರಣ ಹುಡುಕುತ್ತ ಹೋದರೆ ಅಕ್ಕಸಾಲಿಯ ಕುಲುಮೆಯ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಚಿನ್ನ 1064ರಲ್ಲಿ. ಶುದ್ಧ ನಿಕ್ಕಲ್ ಕರಗಲು 1455 ಡಿಗ್ರಿ ಬೇಕು. ಊರಿನ ಅಕ್ಕಸಾಲಿಯ ಊದುಗೊಳವೆಗೆ ಅದು ಬಗ್ಗುವುದಿಲ್ಲ, ಕರಗಿಸಿದರೂ ಅದರಿಂದ ಮಾಡುವ ಒಡವೆ ಯಾವುದೂ ಇಲ್ಲ. ಹೀಗಾಗಿ ರಾಣಿ, ರಾಜರ ಬೆಳ್ಳಿ ರೂಪಾಯಿಗಳು ಮದುವೆ ಮುಂಜಿಗಳಿಗೆ ಕಡಗ, ಕಾಲುಂಗುರ, ಗೆಜ್ಜೆಗಳಾಗಿ ಕರಗಿಹೋದಾಗ, ಯಾರಿಗೂ ಬೇಡವಾದ ನಿಕ್ಕಲ್ ಆಣೆಗಳು ಪೆಟ್ಟಿಗೆಯ ತಳದಲ್ಲಿ ಉಳಿದುಬಿಟ್ಟವು. ಹೇರಳವಾಗಿ ಉಳಿದ ವಸ್ತುವಿಗೆ ವಯಸ್ಸೊಂದರಿಂದಲೇ ಬೆಲೆ ಬರುವುದಿಲ್ಲ. ಆದ್ದರಿಂದ ಇವುಗಳ ವಿಷಯದಲ್ಲಿ ಸಂಗ್ರಾಹಕರು ಕೇಳುವ ಪ್ರಶ್ನೆಗಳು ಎರಡೇ: ಯಾವ ಟಂಕಸಾಲೆಯದು? ಎಷ್ಟು ಸವೆದಿದೆ?

ಮೊದಲ ಪ್ರಶ್ನೆಗೆ ಉತ್ತರ ಹೇಳುವುದು ಈ ಸೀಮೆಯಲ್ಲಿ ಒಂದು ಕಾಲಕ್ಕೆ ಬಹಳ ಸುಲಭವಾಗಿತ್ತು. ಟಿಪ್ಪು ಸುಲ್ತಾನನ ತಾಮ್ರದ ಕಾಸಿನ ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಊರಿನ ಹೆಸರು ಪೂರ್ತಿಯಾಗಿ ಇರುತ್ತಿತ್ತು. ಗುಂಡ್ಲುಪೇಟೆಯಿಂದ ಒಂದೊಂದು ದಿಕ್ಕಿನಲ್ಲೂ ಅಂಥ ಒಂದು ಟಂಕಸಾಲೆ ಇತ್ತು. ಉತ್ತರಕ್ಕೆ 'ಪಟ್ಟಣ' ಎಂದೇ ನಾಣ್ಯದ ಮೇಲೆ ಬರೆಸಿಕೊಂಡ ಶ್ರೀರಂಗಪಟ್ಟಣ, ಘಟ್ಟ ಇಳಿದರೆ ಪಶ್ಚಿಮಕ್ಕೆ ಕಲ್ಲಿಕೋಟೆ, ಪೂರ್ವದ ಕಡೆ ಘಟ್ಟದ ಕೆಳಗೆ ಟಿಪ್ಪು 'ಸಲಾಮಾಬಾದ್' ಎಂದು ಹೆಸರಿಟ್ಟ ಸತ್ಯಮಂಗಲ. ಈ ಮೂರು ಕಡೆಯ ದಾರಿಗಳೂ ಈ ಸೀಮೆಯಲ್ಲಿ ಕೂಡುತ್ತವೆ. ಸಂತೆಯಲ್ಲಿ ಕೈಬದಲಾದ ಕಾಸು ಯಾವ ದಾರಿಯಿಂದ ಬಂತೆಂಬುದನ್ನು ಪಾರಸಿ ಬಲ್ಲವನು ಓದಿಯೇ ಹೇಳಬಹುದಿತ್ತು. ಟಿಪ್ಪುವಿನ ನಾಣ್ಯಗಳನ್ನು ಟಂಕಸಾಲೆಯ ಪ್ರಕಾರ ವಿಂಗಡಿಸಿ ಜೆ.ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಇಂದಿಗೂ ಸಂಗ್ರಾಹಕರು ತೆಗೆದು ನೋಡುತ್ತಾರೆ.

ಟಿಪ್ಪುವಿನ ನಂತರ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರೂ ಆನೆಯನ್ನು ಬಿಡಲಿಲ್ಲ. ಅರಿಕುಠಾರ ಎಂಬ ಊರಿಗೆ 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರ ಮಾಡಿದವರು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದವರು ಇವರೇ. ಇವರ ತಾಮ್ರದ ಕಾಸಿನ ಮೇಲೆ ಆನೆಯ ಜೊತೆಗೆ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಇದ್ದವು. 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಬರೆದಿತ್ತು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು. 1843ರಲ್ಲಿ ಮುಚ್ಚಿಯೇ ಹೋಯಿತು. ಅಲ್ಲಿಂದ ಮುಂದೆ ಮೈಸೂರು ಸಂಸ್ಥಾನದ ಸಂತೆಗಳಲ್ಲಿ ಓಡಾಡಿದ್ದೆಲ್ಲ ಹೊರಗಿನ ಹಣ. ಮದರಾಸಿನ ಟಂಕಸಾಲೆಯೂ 1869ರಲ್ಲಿ ನಿಂತ ಮೇಲೆ ಕಲ್ಕತ್ತ ಮತ್ತು ಮುಂಬಯಿ ಎರಡೇ ಉಳಿದವು. (ಮೈಸೂರಿನಲ್ಲಿ ಈಗ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಇದೆ. ನಾಣ್ಯ ಟಂಕಿಸುವ ಸರ್ಕಾರಿ ಟಂಕಸಾಲೆ ಕರ್ನಾಟಕದಲ್ಲಿ ಎಲ್ಲಿಯೂ ಇಲ್ಲ.)

ಎರಡೇ ಟಂಕಸಾಲೆ, ಒಂದೇ ವಿನ್ಯಾಸ. ಊರಿನ ಹೆಸರು ಬರೆಯುವ ಪದ್ಧತಿ ಹೋಗಿ ಅದರ ಜಾಗದಲ್ಲಿ ಬಂದದ್ದು ಸೂಜಿಮೊನೆಯಷ್ಟು ದೊಡ್ಡ ಗುರುತು. ಮುಂಬಯಿಯಲ್ಲಿ ಟಂಕಿಸಿದ್ದಕ್ಕೆ ಸಾಮಾನ್ಯವಾಗಿ ಇಸವಿಯ ಬಳಿ ಒಂದು ಚುಕ್ಕೆ ಅಥವಾ ವಜ್ರದಾಕೃತಿ; ಕಲ್ಕತ್ತದ್ದಕ್ಕೆ ಏನೂ ಇಲ್ಲ. ಗುರುತು ಇಟ್ಟದ್ದು ಸಂಗ್ರಾಹಕರ ಸಂತೋಷಕ್ಕಲ್ಲ. ನಾಣ್ಯದ ತೂಕದಲ್ಲಿ, ಲೋಹದ ಬೆರಕೆಯಲ್ಲಿ ದೋಷ ಕಂಡರೆ ಯಾವ ಟಂಕಸಾಲೆಯನ್ನು ಕೇಳಬೇಕೆಂದು ಸರ್ಕಾರಕ್ಕೆ ಗೊತ್ತಾಗಬೇಕಿತ್ತು, ಅಷ್ಟೇ.

ನಿಕ್ಕಲ್ ಈ ದೇಶದ ಕಾಸಿನೊಳಗೆ ಬಂದದ್ದು 1906ರ ನಾಣ್ಯ ಕಾಯ್ದೆಯ ನಂತರ. 1907ರಲ್ಲಿ ಏಳನೇ ಎಡ್ವರ್ಡ್‌ನ ಮುಖವಿದ್ದ ಒಂದಾಣೆ ಹೊರಬಂತು: ನಾಲ್ಕರಲ್ಲಿ ಮೂರು ಪಾಲು ತಾಮ್ರ, ಒಂದು ಪಾಲು ನಿಕ್ಕಲ್. ಅಮೆರಿಕದವರು 'ನಿಕ್ಕಲ್' ಎಂದೇ ಕರೆಯುವ ಐದು ಸೆಂಟಿನ ನಾಣ್ಯಕ್ಕೆ 1866ರಿಂದ ಇದ್ದ ಬೆರಕೆಯೂ ಇದೇ. ನೋಡಲು ಬೆಳ್ಳಿಯಂತೆ ಬಿಳುಪು, ಬೆಲೆಯಲ್ಲಿ ಮಾತ್ರ ಬೆಳ್ಳಿಯ ಹತ್ತಿರಕ್ಕೂ ಬಾರದು. ಆದ್ದರಿಂದ ಓದು ಬಾರದವನು ಮೋಸಹೋಗದಂತೆ ಎರಡು ಉಪಾಯ ಮಾಡಿದರು. ಬೆಳ್ಳಿ ರೂಪಾಯಿಯ ಮೇಲೆ ಬರಿದಲೆಯಲ್ಲಿದ್ದ ದೊರೆಗೆ ಆಣೆಯ ಮೇಲೆ ಕಿರೀಟ ತೊಡಿಸಿದರು. ಅಂಚನ್ನು ಎಸಳು ಎಸಳಾಗಿ ಕತ್ತರಿಸಿದರು. ಕತ್ತಲಲ್ಲಿ ಸೊಂಟದ ಚೀಲಕ್ಕೆ ಕೈ ಹಾಕಿದರೂ ಆಣೆ ಯಾವುದೆಂದು ಬೆರಳಿಗೆ ತಿಳಿಯುತ್ತಿತ್ತು.

ಈ ಆಣೆಗಳ ಹಿಂಬದಿಯಲ್ಲಿ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನ ಜೊತೆಗೆ ಉರ್ದು, ನಾಗರಿ, ಬಂಗಾಳಿ, ತೆಲುಗು ಲಿಪಿಗಳಲ್ಲಿ ಬೆಲೆ ಬರೆದಿದೆ. ಕನ್ನಡ ಇಲ್ಲ. ಆದರೆ ತೆಲುಗು, ಕನ್ನಡ ಲಿಪಿಗಳು ಅಕ್ಕತಂಗಿಯರಲ್ಲವೇ. ಅಕ್ಷರ ಬಲ್ಲ ಕನ್ನಡಿಗ ಅದರ ಮೇಲಿನ 'ಒಕ ಅಣಾ' ಎಂಬುದನ್ನು ಹೆಚ್ಚು ಕಷ್ಟವಿಲ್ಲದೆ ಓದಿಕೊಳ್ಳಬಹುದಿತ್ತು. 'ಮಯಿಲಿ ಕಾಸು' ಎಂದು ಓದಿದ್ದ ಸೀಮೆಯ ಮೊಮ್ಮಕ್ಕಳಿಗೆ ಉಳಿದದ್ದು ಈ ನೆರೆಮನೆಯ ಅಕ್ಷರ. 1950ರ ನಂತರದ ಕಾಸುಗಳಲ್ಲಿ ಅದೂ ಹೋಗಿ ಹಿಂದಿ, ಇಂಗ್ಲಿಷ್ ಎರಡೇ ಉಳಿದವು.

ನಿಕ್ಕಲ್ ಹೆಚ್ಚಿದ್ದು ಯುದ್ಧಗಳಿಂದ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಎಂಥ ಬರ ಬಂತೆಂದರೆ, ಸರ್ಕಾರ 1917ರಲ್ಲಿ ಒಂದು ರೂಪಾಯಿಗೂ ನೋಟು ಅಚ್ಚು ಹಾಕಬೇಕಾಯಿತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರ ಬಹುಪಾಲು ಬ್ರಿಟನ್ನಿನ ಮೂಲಕ ಭಾರತದ ನಾಣ್ಯಕ್ಕೆಂದೇ ಮಾರಾಟವಾಯಿತು. ಅಷ್ಟಾದರೂ ಸಾಲದೆ 1918ರಲ್ಲಿ ಚೌಕದ ಎರಡಾಣೆ, 1919ರಲ್ಲಿ ಎಂಟು ಮೂಲೆಯ ನಾಲ್ಕಾಣೆ ಮತ್ತು ದುಂಡನೆಯ ಎಂಟಾಣೆ ನಿಕ್ಕಲ್ ಬೆರಕೆಯಲ್ಲಿ ಬಂದವು. ಎಂಟಾಣೆ 1920ಕ್ಕೇ ನಿಂತಿತು, ನಾಲ್ಕಾಣೆ 1921ಕ್ಕೆ. ಆದ್ದರಿಂದ ಇವೆರಡೂ ಆಣೆ, ಎರಡಾಣೆಗಳಷ್ಟು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಎಂಟು ಮೂಲೆಯ ನಾಲ್ಕಾಣೆ ಸಿಕ್ಕರೆ ಹುಣಸೆಹಣ್ಣಿನಿಂದ ದೂರ ಇಡುವುದು ಒಳ್ಳೆಯದು.

ಎರಡನೆಯ ಮಹಾಯುದ್ಧದಲ್ಲಿ ನಿಕ್ಕಲ್‌ಗೇ ಬರ ಬಂತು. ಫಿರಂಗಿ, ಟ್ಯಾಂಕುಗಳ ಉಕ್ಕಿಗೆ ಅದು ಬೇಕಿತ್ತು. 1942ರಿಂದ 1945ರವರೆಗಿನ ಆಣೆ, ಎರಡಾಣೆಗಳು ಹಳದಿ ಛಾಯೆ ಪಡೆದದ್ದು ಅದಕ್ಕೇ: ಹೆಚ್ಚುಪಾಲು ತಾಮ್ರ, ಉಳಿದದ್ದು ಸತು, ನೂರರಲ್ಲಿ ಒಂದು ಪಾಲು ಮಾತ್ರ ನಿಕ್ಕಲ್. ಅದೇ ವರ್ಷಗಳಲ್ಲಿ ಅಮೆರಿಕ ತನ್ನ ಐದು ಸೆಂಟಿನಿಂದ ನಿಕ್ಕಲ್ ತೆಗೆದು ಬೆಳ್ಳಿಯನ್ನೇ ಬೆರೆಸಿತು. ಬೆರಕೆ ಬದಲಾದದ್ದು ಗೊತ್ತಾಗಲೆಂದು ಟಂಕಸಾಲೆಯ ಅಕ್ಷರವನ್ನು ಹಿಂಬದಿಯ ಕಟ್ಟಡದ ಗೋಪುರದ ಮೇಲೆ ದೊಡ್ಡದಾಗಿ ಒತ್ತಿತು. ಇಲ್ಲಿ ಬೆಳ್ಳಿ ರೂಪಾಯಿಯಲ್ಲಿದ್ದ ಬೆಳ್ಳಿಯೇ 1940ರಲ್ಲಿ ಅರ್ಧಕ್ಕೆ ಇಳಿದಿತ್ತು. ಕೆಲಸದ ಒತ್ತಡಕ್ಕೆ ಲಾಹೋರಿನಲ್ಲಿ ಮೂರನೆಯ ಟಂಕಸಾಲೆ ತೆರೆದರು. 1943ರಿಂದ 1945ರ ನಡುವಿನ ಅಲ್ಲಿಯ ಬೆಳ್ಳಿ ನಾಣ್ಯಗಳ ಮೇಲೆ 'ಎಲ್' ಎಂಬ ಪುಟ್ಟ ಅಕ್ಷರ ಕಾಣಸಿಗುತ್ತದೆ.

ಯುದ್ಧ ಮುಗಿದಾಗ ಅಮೆರಿಕಕ್ಕೆ ಸಾಲ ತೀರಿಸುವುದಿತ್ತು. ಯುದ್ಧಕಾಲದಲ್ಲಿ ಭಾರತ ಅಲ್ಲಿಂದ ಸುಮಾರು 22.6 ಕೋಟಿ ಔನ್ಸ್ ಬೆಳ್ಳಿ ಕಡ ತಂದಿತ್ತು. ಬೆಳ್ಳಿಯ ಸಾಲವನ್ನು ಬೆಳ್ಳಿಯಲ್ಲೇ ತೀರಿಸಬೇಕಾದ್ದರಿಂದ ಚಲಾವಣೆಯಲ್ಲಿದ್ದ ಬೆಳ್ಳಿಯನ್ನು ಹಿಂದಕ್ಕೆ ಎಳೆದು, 1946ರಲ್ಲಿ ಶುದ್ಧ ನಿಕ್ಕಲಿನ ಪಾವಲಿ, ಅರ್ಧ ರೂಪಾಯಿ, 1947ರಲ್ಲಿ ನಿಕ್ಕಲ್ ರೂಪಾಯಿ ಹೊರತಂದರು. ಮೂರರ ಮೇಲೂ ಹೆಜ್ಜೆ ಹಾಕುವ ಹುಲಿ. ಬಂಡೀಪುರದ ಅಂಚಿನ ಊರುಗಳವರಿಗೆ ಹುಲಿ ಹೊಸದಲ್ಲ, ರೂಪಾಯಿಯ ಮೇಲೆ ಕಂಡದ್ದು ಹೊಸದು.

ಗುರುತಿನ ವಿಷಯದಲ್ಲಿ ಅವಸರ ಸಲ್ಲದು ಎಂಬುದನ್ನು ಈ ಹುಲಿ ರೂಪಾಯಿ ಕಲಿಸುತ್ತದೆ. ಇಸವಿಯ ಕೆಳಗೆ ಗುರುತಿರುವುದು ಮುಂಬಯಿಯದು. 'ಗುರುತಿಲ್ಲದಿದ್ದರೆ ಕಲ್ಕತ್ತ' ಎಂಬ ಬಾಯಿಪಾಠದ ಪ್ರಕಾರ ಉಳಿದದ್ದು ಕಲ್ಕತ್ತದ್ದಾಗಬೇಕು. ಆದರೆ ಗುರುತಿಲ್ಲದ 1947ರ ರೂಪಾಯಿಯನ್ನು ಸಂಗ್ರಾಹಕರ ಪಟ್ಟಿಗಳು ಲಾಹೋರಿನ ಹೆಸರಿಗೆ ಬರೆಯುತ್ತವೆ. ಅದೇ ವರ್ಷ ಆಗಸ್ಟಿನಲ್ಲಿ ಲಾಹೋರು ಬೇರೆ ದೇಶವಾಯಿತು. ಹೀಗೆ ಒಂದು ಚುಕ್ಕೆಯ ಇರುವಿಕೆ, ಇಲ್ಲದಿರುವಿಕೆಯ ನಡುವೆ ಒಂದು ಗಡಿಯೇ ಹಾದುಹೋಗಿದೆ. ಬೂದಿ ಹಾಕಿ ಉಜ್ಜುವಾಗ ಮೊದಲು ಮಾಸುವ ಚಿಕ್ಕ ಉಬ್ಬುಗಳಲ್ಲಿ ಈ ಚುಕ್ಕೆಯೂ ಒಂದು. ಮಾಸಿದ ಮೇಲೆ ಮುಂಬಯಿಯ ರೂಪಾಯಿ ಯಾವುದು, ಲಾಹೋರಿನದು ಯಾವುದು ಎಂದು ಹೇಳುವವರಾರು?

ಗಣರಾಜ್ಯದ ನಾಣ್ಯಗಳು 1950ರಲ್ಲಿ ಬಂದವು. ದೊರೆಯ ಜಾಗದಲ್ಲಿ ಅಶೋಕನ ಸಿಂಹಗಳು, ರೂಪಾಯಿಯ ಹಿಂಬದಿಯಲ್ಲಿ ತೆನೆ, ಆಣೆಯ ಮೇಲೆ ಗೂಳಿ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಯಾಗಿ ರೂಪಾಯಿಗೆ ನೂರು ನಯಾ ಪೈಸೆ ಆಯಿತು. ಆಣೆಗೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ. ಕಾಲು ಪೈಸೆ ಕೊಡುವುದೆಲ್ಲಿಂದ? ಸರ್ಕಾರಿ ಕೋಷ್ಟಕ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿ ಮಾಡಿತು. ನಾಲ್ಕು ಆಣೆಗಳನ್ನು ಒಂದೊಂದಾಗಿ ಬದಲಾಯಿಸಿದವನಿಗೆ 24 ಪೈಸೆ ಸಿಗುತ್ತಿತ್ತು, ಒಟ್ಟಿಗೆ ಕೊಟ್ಟವನಿಗೆ 25. ಸಂತೆಯಲ್ಲಿ ಸೊಪ್ಪು, ವೀಳ್ಯದೆಲೆ ಮಾರುವವರಿಗೆ ಈ ಒಂದು ಪೈಸೆ ಸಣ್ಣದೇನಲ್ಲ. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಹೋದರೂ 'ಹದಿನಾರಾಣೆ ಸತ್ಯ' ಎಂಬ ಮಾತು, ನಾಲ್ಕಾಣೆ, ಎಂಟಾಣೆಗಳ ಹೆಸರು ಉಳಿದುಕೊಂಡವು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ.

ಗುರುತುಗಳೂ ಹೆಚ್ಚಿದವು. ನಿಜಾಮರ ಕಾಲದ ಹೈದರಾಬಾದ್ ಟಂಕಸಾಲೆ 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂತು. ಅದರ ಗುರುತು ಮೊದಮೊದಲು ಸೀಳಿದ ವಜ್ರ, ಆಮೇಲೆ ಐದು ಮೂಲೆಯ ನಕ್ಷತ್ರ. ನೋಯ್ಡಾದ ಟಂಕಸಾಲೆ 1988ರಲ್ಲಿ ಆರಂಭವಾಯಿತು, ಅದರದು ದುಂಡು ಚುಕ್ಕೆ. ಈ ನಡುವೆ 1980ರ ದಶಕದ ಚಿಲ್ಲರೆ ಬರ ಬಂತು. ಬಸ್ ಕಂಡಕ್ಟರುಗಳು ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟ, ಅಂಗಡಿಯವರು ಪೆಪ್ಪರ್‌ಮಿಂಟ್ ಕೊಟ್ಟ ಕಾಲ ಅದು. ಆಗ ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಟಂಕಿಸಿ ತರಿಸಿತು. 1985ರ ನಿಕ್ಕಲ್ ಬೆರಕೆಯ ರೂಪಾಯಿಯಲ್ಲಿ 'ಎಚ್' ಅಕ್ಷರವಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ವಜ್ರ ಇಸವಿಯ ನಡುವೆ ಇದ್ದರೆ ಮುಂಬಯಿ. ಇಸವಿಯ ಮೊದಲ ಅಂಕಿಯ ಕೆಳಗೆ ಸರಿದಿದ್ದರೆ ವೇಲ್ಸ್‌ನ ಲ್ಯಾಂಟ್ರಿಸೆಂಟ್. ಅದೇ ವರ್ಷದ ಐವತ್ತು ಪೈಸೆಯಲ್ಲಿ ನಕ್ಷತ್ರ ನಡುವೆ ಇರದೆ ಒಂದು ಅಂಕಿಯ ಕೆಳಗೆ ಇದ್ದರೆ ಅದು ಹೈದರಾಬಾದಿನದಲ್ಲ, ಕೊರಿಯದ್ದು. ಒಂದು ಕೂದಲೆಳೆಯಷ್ಟು ಜಾಗ ಸರಿದರೆ ನಾಣ್ಯ ಸಮುದ್ರ ದಾಟುತ್ತದೆ!

ಇನ್ನು ಎರಡನೆಯ ಪ್ರಶ್ನೆ, ಸವೆತ. ಮಾತಿನಲ್ಲಿ ಹುರುಳಿಲ್ಲದಿದ್ದರೆ 'ಸವಕಲು ನಾಣ್ಯ' ಎನ್ನುವ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗೆಂದು 1ರಿಂದ 70ರವರೆಗಿನ ಅಂಕಗಳ ಅಳತೆಗೋಲು ಮಾಡಿದರು. ಈಗ ಲೋಕದ ಬಹುಕಡೆ ಅದೇ ನಡೆಯುತ್ತದೆ. ನಮ್ಮ ವ್ಯಾಪಾರಿಗಳು ಅಂಕದ ಬದಲು 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರೀಮ್ಲಿ ಫೈನ್' ಎಂಬ ಮಾತುಗಳನ್ನೇ ಹೆಚ್ಚಾಗಿ ಬಳಸುತ್ತಾರೆ. ಕೈಬದಲಾಗದ ನಾಣ್ಯಕ್ಕೆ 'ಅನ್‌ಸರ್ಕ್ಯುಲೇಟೆಡ್' ಎಂಬ ಹೆಸರು.

ನೋಡುವ ಕ್ರಮ ಸರಳ. ನಾಣ್ಯದಲ್ಲಿ ಎಲ್ಲಕ್ಕಿಂತ ಉಬ್ಬಿರುವ ಭಾಗ ಮೊದಲು ಸವೆಯುತ್ತದೆ. ದೊರೆಯ ಆಣೆಯಲ್ಲಿ ಹುಬ್ಬು, ಕಿವಿ, ಗಡ್ಡದ ಕೂದಲು, ಕಿರೀಟದ ಹರಳು ನೋಡಬೇಕು; ಹುಲಿ ರೂಪಾಯಿಯಲ್ಲಿ ಹುಲಿಯ ಮೈಪಟ್ಟೆ; ಸಿಂಹದ ನಾಣ್ಯದಲ್ಲಿ ನಡುವಿನ ಸಿಂಹದ ಮುಖ ಮತ್ತು ಎದೆಯ ಕೇಸರ. ಹರಳುಗಳು ಒಂದೊಂದಾಗಿ ಎಣಿಸುವಂತಿದ್ದರೆ ಉತ್ತಮ. ಕಿರೀಟವೇ ಒಂದು ಬೋಳು ಗುಡ್ಡೆಯಾಗಿದ್ದರೆ ಅದು ನೂರು ಸಂತೆ ಕಂಡ ನಾಣ್ಯ. ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಸಾಕು, ಜೊತೆಗೊಂದು ಅಯಸ್ಕಾಂತ. ಶುದ್ಧ ನಿಕ್ಕಲ್ ಅಯಸ್ಕಾಂತಕ್ಕೆ ಅಂಟುತ್ತದೆ, ತಾಮ್ರ ಬೆರೆತ ಆಣೆ ಅಂಟುವುದಿಲ್ಲ. ಹುಲಿ ರೂಪಾಯಿ ಅಂಟದಿದ್ದರೆ ಅನುಮಾನ ಪಡಬೇಕು. ಅಂಟಿದ ಮಾತ್ರಕ್ಕೆ ಅಸಲಿ ಎನ್ನುವಂತೆಯೂ ಇಲ್ಲ, ಕಬ್ಬಿಣವೂ ಅಂಟುತ್ತದೆ. ಅದಕ್ಕೇ ತಕ್ಕಡಿ ಬೇಕು: ಹುಲಿ ರೂಪಾಯಿಯ ತೂಕವೂ ಬೆಳ್ಳಿ ರೂಪಾಯಿಯಂತೆ ಒಂದು ತೊಲ, ಅಂದರೆ 11.66 ಗ್ರಾಂ. ಚುಕ್ಕೆಯನ್ನು ಅರದಿಂದ ಉಜ್ಜಿ ಅಳಿಸುವ ಅಥವಾ ಹೊಸದಾಗಿ ಅಂಟಿಸುವ ಕೈಚಳಕದವರೂ ಇರುವುದರಿಂದ ಇಸವಿಯ ಸುತ್ತಲಿನ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡದೆ ಕೊಳ್ಳಬಾರದು.

ಸವೆತ ಮತ್ತು ಉಜ್ಜುವಿಕೆ ಒಂದೇ ಅಲ್ಲ. ಸಾವಿರ ಕೈ ದಾಟಿ ಸವೆದ ಆಣೆ ತನ್ನ ಬಾಳನ್ನು ಬಾಳಿದೆ, ಅದರ ಮೈ ಸಮನಾಗಿ ನುಣುಪಾಗಿರುತ್ತದೆ. ಹೊಸ ನಾಣ್ಯದ ಮೇಲೆ ಅಚ್ಚಿನ ಒತ್ತಡದಿಂದ ಮೂಡುವ ಒಂದು ಹೊಳಪು ಇರುತ್ತದೆ. ಬೆಳಕಿನಲ್ಲಿ ತಿರುಗಿಸಿದರೆ ಚಕ್ರದ ಅರಗಳಂತೆ ಸುತ್ತುತ್ತದೆ. ಹುಣಸೆಯ ಹುಳಿ ಅದನ್ನು ತಿಂದುಹಾಕುತ್ತದೆ, ಬೂದಿ ಗೀರು ಎಳೆಯುತ್ತದೆ. ಮೇಲೆ ಬರುವ ಹೊಳಪು ತೊಳೆದ ಪಾತ್ರೆಯದು, ನಾಣ್ಯದ್ದಲ್ಲ. ಕಳೆದುಹೋದದ್ದನ್ನು ಹಿಂದಕ್ಕೆ ತರುವ ಉಪಾಯ ಯಾವುದೂ ಇಲ್ಲ. ತೀರ ಮಣ್ಣಾಗಿದ್ದರೆ ಬರಿಯ ನೀರಿನಲ್ಲಿ ನೆನೆಸಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲೆ ಒಣಗಿಸಿದರೆ ಸಾಕು.

ವಿಚಿತ್ರವೆಂದರೆ, ಕಾಸನ್ನು ಹಾಳು ಮಾಡುವ ಅದೇ ಭಕ್ತಿ ಅದನ್ನು ಕಾಪಾಡಿಯೂ ಇದೆ. ಮಾದಪ್ಪನಿಗೋ, ಬಿಳಿಗಿರಿರಂಗನಿಗೋ, ಹಿಮವದ್ ಗೋಪಾಲಸ್ವಾಮಿಗೋ ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು ಕಾರಣಾಂತರದಿಂದ ಬೆಟ್ಟ ಹತ್ತದೆ ಮನೆಯಲ್ಲೇ ಉಳಿದರೆ, ಅದರೊಳಗಿನ ಕಾಸು ಅಂದು ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅದು ಸಂತೆಗೆ ಹೋಗಲಿಲ್ಲ, ಬೆಳಗುವ ಬುಟ್ಟಿಗೂ ಬೀಳಲಿಲ್ಲ. ಅರಿಶಿನದ ಕಲೆ ಹತ್ತಿರಬಹುದು, ಆದರೆ ಕಿರೀಟದ ಹರಳು ಸವೆದಿರುವುದಿಲ್ಲ. ದೇವರಿಗೆ ಸಲ್ಲಬೇಕಾದದ್ದನ್ನು ಮಾರುವುದು ಬಿಡುವುದು ಆಯಾ ಮನೆಯವರಿಗೆ ಬಿಟ್ಟ ವಿಚಾರ.

ಮಾರಲು ಹೊರಟವರಿಗೆ ಈಗ ಬೇರೊಂದು ಅಪಾಯ ಎದುರಾಗಿದೆ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತವೆ. ನಂಬಿ ಕರೆ ಮಾಡಿದವರಿಂದ ನೋಂದಣಿ ಶುಲ್ಕ, ತೆರಿಗೆ ಎಂದು ಮೊದಲು ಹಣ ಕೀಳುತ್ತಾರೆ. ನಾಣ್ಯ ಕೇಳಲು ಯಾರೂ ಬರುವುದಿಲ್ಲ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನಗಳನ್ನೇ ಬಳಸಿದ್ದರಿಂದ, ಇಂಥ ವ್ಯವಹಾರದಲ್ಲಿ ತಾನು ಇಲ್ಲ, ಇದಕ್ಕಾಗಿ ಶುಲ್ಕ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಇಂಥ ಸಂದೇಶಗಳಲ್ಲಿ ಸವೆತದ ಮಾತಾಗಲಿ, ಟಂಕಸಾಲೆಯ ಮಾತಾಗಲಿ ಇರುವುದು ಅಪರೂಪ. ಇಸವಿಯ ಕೆಳಗೆ ಏನಿದೆ ಎಂದು ಕೇಳದೆಯೇ ಲಕ್ಷ ಕೊಡುತ್ತೇನೆ ಎನ್ನುವವನಿಗೆ ನಾಣ್ಯ ಬೇಕಾಗಿಲ್ಲ ಎಂದು ತಿಳಿಯಬಹುದು.

ಕಾನೂನಿನದೂ ಒಂದು ಮಾತಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾವಸ್ತು. ಯಾರೂ ಅದನ್ನು ತಮ್ಮಷ್ಟಕ್ಕೆ ಹೊರದೇಶಕ್ಕೆ ಸಾಗಿಸುವಂತಿಲ್ಲ. 1907ರ ಎಸಳಿನಂಚಿನ ಆಣೆ 2007ರಲ್ಲೇ ಈ ಸಾಲಿಗೆ ಸೇರಿತು. ಎಂಟು ಮೂಲೆಯ ನಾಲ್ಕಾಣೆಗಳಲ್ಲಿ ಕೊನೆಯವು ಸೇರಿದ್ದು 2021ರಲ್ಲಿ. ಹುಲಿ ರೂಪಾಯಿಯ ಸರದಿ 2047ಕ್ಕೆ.